ಸೀರಿಯಲ್‌ನಿಂದ ಸಿನಿಮಾಕ್ಕೆ: ಟೈಟಲ್ ನೋಂದಣಿಯಿಂದ ಸೆನ್ಸಾರ್ ಪತ್ರ ಕೈಗೆ ಬರುವವರೆಗೆ

ಧಾರಾವಾಹಿಗಳಲ್ಲಿ ಸಂಚಿಕೆ ನಿರ್ದೇಶಕರಾಗಿ, ಆಮೇಲೆ ಪ್ರಧಾನ ನಿರ್ದೇಶಕರಾಗಿ ವರ್ಷಗಟ್ಟಲೆ ದುಡಿದವರು ಮೊದಲ ಸಿನಿಮಾಕ್ಕೆ ಕೈಹಾಕುವಾಗ ಹೆದರುವುದು ಕಥೆಗೆ, ಹೀರೊ ಡೇಟ್ಸ್‌ಗೆ, ಬಂಡವಾಳಕ್ಕೆ. ಆ ಮೂರೂ ಹೇಗೋ ಹೊಂದಿಕೊಳ್ಳುತ್ತವೆ. ಕೊನೆಗೆ ಕೈಕೊಡುವುದು ಕಾಗದ. ನಮ್ಮ ಚಿತ್ರದ ಸೆನ್ಸಾರ್ ಮುಗಿದು, ಬಿಡುಗಡೆಯೂ ಆಗಿದೆ. ಎಲ್ಲಿ ಯಾವ ಪತ್ರ ಕೇಳುತ್ತಾರೆ, ಯಾವುದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುವುದು ಒಳ್ಳೆಯದು. ನಮ್ಮ ಹಿಂದೆಯೇ ಇದೇ ದಾರಿಯಲ್ಲಿ ಬರುತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ಸೀರಿಯಲ್ ನಿರ್ದೇಶಕನಿಗೆ ಈ ಕಾಗದದ ಲೋಕ ಯಾಕೆ ಹೊಸದು ಎಂದರೆ, ಅವನ ಹಿಂದೆ ಚಾನೆಲ್ ಇರುತ್ತದೆ. ಅರ್ಧ ಗಂಟೆಯ ಸ್ಲಾಟ್‌ಗೆ ಜಾಹೀರಾತು ಕಳೆದು ಸುಮಾರು 22 ನಿಮಿಷದ ಫುಟೇಜ್ ಕೊಡಬೇಕು, ದಿನಕ್ಕೊಂದು ಸಂಚಿಕೆ ತೆಗೆಯಬೇಕು, ಬ್ಯಾಂಕಿಂಗ್, ಅಂದರೆ ಮುಂಚೆಯೇ ತೆಗೆದಿಟ್ಟ ಸಂಚಿಕೆಗಳು, ಖಾಲಿಯಾದರೆ ಬೆಳಿಗ್ಗೆ ತೆಗೆದದ್ದು ರಾತ್ರಿ ಪ್ರಸಾರಕ್ಕೆ ಹೋಗಬೇಕು. ಗುರುವಾರ ಟಿಆರ್‌ಪಿ ಬಂದ ಮೇಲೆ ಮುಂದಿನ ವಾರದ ಒನ್‌ಲೈನ್, ಅಂದರೆ ಕಥೆಯ ಎಳೆ, ಬದಲಾಗಬಹುದು. ಟಿವಿ ಕಾರ್ಯಕ್ರಮಕ್ಕೆ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಪ್ರೋಗ್ರಾಮ್ ಕೋಡ್ ಅನ್ವಯಿಸುತ್ತದೆ. ಆದರೆ ಪ್ರಸಾರಕ್ಕೆ ಮೊದಲು ಸರ್ಕಾರದ ಕಡೆಯಿಂದ ಯಾರೂ ಕೂತು ನೋಡುವುದಿಲ್ಲ. ದೂರು ಬಂದರೆ ಚಾನೆಲ್ ನೋಡಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಹಳೆಯ ಹಾಡು ಬಳಸಿದರೂ ಅದರ ಹಕ್ಕಿನ ಲೆಕ್ಕ ಚಾನೆಲ್‌ಗೂ ಆಡಿಯೊ ಕಂಪನಿಗೂ ಇರುವ ಒಪ್ಪಂದಕ್ಕೆ ಸೇರಿದ್ದು. ಸಿನಿಮಾದಲ್ಲಿ ಆ ಜಾಗದಲ್ಲಿ ನಿಲ್ಲುವವರು ನಿರ್ಮಾಪಕರು. ಅವರೂ ಹೊಸಬರಾಗಿದ್ದರೆ ಎಲ್ಲವೂ ನಿರ್ದೇಶಕನ ತಲೆಗೇ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆನ್ಸಾರ್ ಹಂತದಲ್ಲಿ ಕೇಳುವ ಹೆಚ್ಚಿನ ಕಾಗದಗಳು ಹುಟ್ಟಬೇಕಾದದ್ದು ಶೂಟಿಂಗ್‌ಗೆ ಮುಂಚೆ, ಇಲ್ಲವೇ ಶೂಟಿಂಗ್ ನಡೆದ ದಿನವೇ. ಫಸ್ಟ್ ಕಾಪಿ, ಅಂದರೆ ಎಲ್ಲ ಕೆಲಸ ಮುಗಿದ ಚಿತ್ರದ ಮೊದಲ ಪ್ರತಿ, ಬಂದ ಮೇಲೆ ಅವನ್ನು ಹುಟ್ಟಿಸಲು ಆಗುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್ ಲಾಕ್ ಆದ ದಿನವೇ ಒಬ್ಬ ಸಹ ನಿರ್ದೇಶಕನಿಗೆ ಬೇರೆ ಕೆಲಸ ಕೊಡದೆ ಒಂದು ಪಟ್ಟಿ ಮಾಡಿಸಿ. ಯಾವ ಸೀನಿನಲ್ಲಿ ಪ್ರಾಣಿ ಇದೆ, ಯಾವುದರಲ್ಲಿ ಮಕ್ಕಳಿದ್ದಾರೆ, ಎಲ್ಲಿ ಬೀಡಿ-ಸಿಗರೇಟು, ಎಲ್ಲಿ ಕುಡಿತ, ಎಲ್ಲಿ ರೇಡಿಯೊ ಅಥವಾ ಟಿವಿ ಓಡುತ್ತಿದೆ, ಎಲ್ಲಿ ನಿಜವಾದ ವ್ಯಕ್ತಿಯ ಹೆಸರು ಬರುತ್ತದೆ ಎಂದು ಸೀನ್ ನಂಬರ್ ಸಮೇತ ಅದರಲ್ಲಿರಲಿ. ಮುಂದೆ ಬರುವ ಅರ್ಧಕ್ಕರ್ಧ ತೊಂದರೆ ಆ ಪಟ್ಟಿಯಲ್ಲೇ ಸಿಗುತ್ತದೆ.

ಅಗ್ರಿಮೆಂಟು, ಟೈಟಲ್ಲು

ಸೀರಿಯಲ್‌ನಲ್ಲಿ ಸಂಭಾವನೆ ಸಂಚಿಕೆ ಲೆಕ್ಕ, ತಡವಾದರೂ ಬರುತ್ತದೆ. ಸಿನಿಮಾದಲ್ಲಿ ಕಂತು. ಸಾಮಾನ್ಯವಾಗಿ ಅಡ್ವಾನ್ಸ್, ಮುಹೂರ್ತ, ಶೂಟಿಂಗ್ ಮುಗಿದಾಗ, ಫಸ್ಟ್ ಕಾಪಿ, ಬಿಡುಗಡೆ ಎಂದು ಐದು ಭಾಗ ಮಾಡುತ್ತಾರೆ. ಗಾಂಧಿನಗರದಲ್ಲಿ ಯಾರನ್ನು ಕೇಳಿದರೂ ಹೇಳುವುದು ಒಂದೇ: ಕೊನೆಯ ಕಂತನ್ನು ಮರೆತುಬಿಡು. ಮರೆಯಬೇಕಾಗಿಲ್ಲ. ಕೊನೆಯ ಕಂತನ್ನು ಬಿಡುಗಡೆಗೆ ಕಟ್ಟದೆ ಸೆನ್ಸಾರ್‌ಗೆ ಅರ್ಜಿ ಹಾಕುವ ದಿನಕ್ಕೆ ಕಟ್ಟಿಸಿಕೊಳ್ಳಿ. ಬಿಡುಗಡೆ ದಿನಾಂಕ ಯಾರ ಕೈಯಲ್ಲೂ ಇಲ್ಲ, ಅರ್ಜಿಯ ದಿನ ಮಾತ್ರ ನಿರ್ಮಾಪಕರಿಗೆ ನಿಮ್ಮ ಅಗತ್ಯ ಇದ್ದೇ ಇರುತ್ತದೆ. ನಿರ್ದೇಶಕರ ಸಂಭಾವನೆಗೆ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆಗಾಗ ನೋಡುತ್ತಿರಿ. ವರ್ಷದ ಕೊನೆಗೆ ಹುಡುಕಿದರೆ ಆಫೀಸೇ ಖಾಲಿಯಾಗಿರಬಹುದು.

ಟೈಟಲ್ ನೋಂದಣಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ, ಅಂದರೆ ಎಲ್ಲರೂ ಚೇಂಬರ್ ಎನ್ನುವ ಕಡೆ. ಇದು ಆಗುವುದು ನಿರ್ಮಾಪಕರ ಬ್ಯಾನರ್ ಹೆಸರಿಗೆ. ಕಥೆ ನಿಮ್ಮದು, ಟೈಟಲ್ ಹೊಳೆದದ್ದು ನಿಮಗೆ, ಆದರೂ ಅದರ ಒಡೆಯ ಬ್ಯಾನರ್. ಚಿತ್ರ ಅರ್ಧಕ್ಕೆ ನಿಂತು ನೀವು ಬೇರೆ ನಿರ್ಮಾಪಕರ ಹತ್ತಿರ ಹೋದರೆ ಟೈಟಲ್ ಹಿಂದೆ ಬರಲು ಮೊದಲಿನವರು ಒಪ್ಪಿಗೆ ಪತ್ರ ಕೊಡಬೇಕು. ಇದನ್ನೂ ಅಗ್ರಿಮೆಂಟಿನಲ್ಲಿ ಬರೆಸಿ. ಇನ್ನೊಂದು ಸಣ್ಣ ವಿಷಯ, ಆದರೆ ತುಂಬಾ ಜನ ಇಲ್ಲೇ ಸಿಕ್ಕಿಬೀಳುತ್ತಾರೆ: ಚೇಂಬರ್ ಪತ್ರದಲ್ಲಿ ಇರುವ ಹೆಸರು, ತೆರೆಯ ಮೇಲಿನ ಟೈಟಲ್ ಕಾರ್ಡ್, ಸೆನ್ಸಾರ್ ಅರ್ಜಿ ಮೂರೂ ಅಕ್ಷರ ಅಕ್ಷರ ಒಂದೇ ಆಗಿರಬೇಕು. ಡಿಸೈನರ್ ಚೆಂದಕ್ಕೆ ಒಂದು ಅಡಿಬರಹ ಸೇರಿಸಿದ, ಅಂಕಿ ಹಾಕಿದ ಎಂದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಪ್ರಾಣಿ, ಮಗು, ಬೀಡಿ

ಈ ಮೂರಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ನಮಗೆ ಗೊತ್ತಿರುವ ಎಷ್ಟೋ ಚಿತ್ರಗಳು ತಿಂಗಳುಗಟ್ಟಲೆ ಕಾದದ್ದು ಇವುಗಳಿಂದಲೇ.

ಪ್ರಾಣಿ ಇದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನಿಯಮ 2001ರದ್ದು. ಮಂಡಳಿಯ ಕಚೇರಿ ಮೊದಲು ಚೆನ್ನೈನಲ್ಲಿತ್ತು, ಈಗ ಹರಿಯಾಣದ ಬಲ್ಲಬ್‌ಗಢದಲ್ಲಿದೆ. ಆದ್ದರಿಂದ ಪರಿಚಯದವರನ್ನು ಹಿಡಿದು ಒಂದು ದಿನದಲ್ಲಿ ಮುಗಿಸುತ್ತೇನೆ ಎನ್ನುವ ಮಾತು ಬಿಟ್ಟುಬಿಡಿ. ಕೆಲಸ ಎರಡು ಹಂತದ್ದು. ಚಿತ್ರೀಕರಣಕ್ಕೆ ಮೊದಲು ಪೂರ್ವಾನುಮತಿ: ಯಾವ ಪ್ರಾಣಿ, ಎಷ್ಟು, ಮಾಲೀಕರು ಯಾರು, ಯಾವ ಸೀನಿನಲ್ಲಿ ಏನು ಮಾಡುತ್ತದೆ, ಆರೋಗ್ಯವಾಗಿದೆ ಎಂದು ಪಶುವೈದ್ಯರ ಪತ್ರ. ಚಿತ್ರೀಕರಣ ಆದ ಮೇಲೆ ಆ ದೃಶ್ಯಗಳ ಕ್ಲಿಪ್ ಸಮೇತ ಅರ್ಜಿ ಹಾಕಿದರೆ ನಿರಾಕ್ಷೇಪಣಾ ಪತ್ರ. ಸೆನ್ಸಾರ್‌ಗೆ ಬೇಕಿರುವುದು ಈ ಎರಡನೆಯದು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಹೋದವರು ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ‘ಈ ಚಿತ್ರದಲ್ಲಿ ಯಾವುದೇ ಪ್ರಾಣಿಗೆ ಹಿಂಸೆ ಮಾಡಿಲ್ಲ’ ಎಂದು ಟೈಟಲ್‌ಗೆ ಮುಂಚೆ ಒಂದು ಸಾಲು ಹಾಕಿದರೆ ಸಾಕು ಎಂದು ಸೀರಿಯಲ್ ಕಡೆಯವರು ತಿಳಿದಿರುತ್ತಾರೆ. ಆ ಸಾಲಿಗೆ ಪತ್ರದ ಬೆಂಬಲ ಇರಬೇಕು.

ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಗೂಳಿ ಇವುಗಳನ್ನು ಪ್ರದರ್ಶನಕ್ಕೆ ಬಳಸುವುದು ನಿಷೇಧದ ಪಟ್ಟಿಯಲ್ಲಿದೆ. ಗಿಣಿ ಸಾಕುವುದು ನಮ್ಮ ಊರುಗಳಲ್ಲಿ ಮಾಮೂಲು ಎಂದು ಅಜ್ಜಿಯ ಮನೆಯ ಜಗಲಿಯಲ್ಲಿ ಪಂಜರ ನೇತುಹಾಕುವ ಕಲಾ ನಿರ್ದೇಶಕರಿದ್ದಾರೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತದೆ, ಅನುಮತಿಯ ಮಾತೇ ಇಲ್ಲ. ಫ್ರೇಮಿನ ಮೂಲೆಯಲ್ಲಿ ತಾನಾಗಿ ಹಾದುಹೋದ ಬೀದಿನಾಯಿ, ದೂರದಲ್ಲಿ ಮೇಯುತ್ತಿರುವ ದನಗಳ ಬಗ್ಗೆಯೂ ಪ್ರಶ್ನೆ ಬರುತ್ತದೆ. ಇಂಥ ಶಾಟ್‌ಗಳನ್ನೂ ಪಟ್ಟಿ ಮಾಡಿ, ಅವು ಸಹಜವಾಗಿ ಬಂದವು ಎಂದು ಮೊದಲೇ ಬರೆದುಕೊಡುವುದು ಜಾಣತನ. ಗ್ರಾಫಿಕ್ಸ್‌ನಲ್ಲಿ ಮಾಡಿದ ಹಾವು, ಹಕ್ಕಿಗೆ ಗ್ರಾಫಿಕ್ಸ್ ಸ್ಟುಡಿಯೊದಿಂದ ಪತ್ರ ತೆಗೆದುಕೊಂಡು, ಮಾಡುವ ಹಂತದ ಒಂದೆರಡು ಚಿತ್ರಗಳನ್ನೂ ಇಟ್ಟುಕೊಳ್ಳಿ. ಚೆನ್ನಾಗಿ ಮಾಡಿದಷ್ಟೂ ಅದು ಗ್ರಾಫಿಕ್ಸ್ ಎಂದು ನಂಬಿಸುವುದು ಕಷ್ಟ!

ಮಕ್ಕಳ ವಿಷಯದಲ್ಲಿ 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳು ಸೀರಿಯಲ್‌ಗೂ ಅನ್ವಯಿಸುತ್ತವೆ, ಆದರೆ ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ನೋಡಿಕೊಂಡಿರುತ್ತಾರೆ. ಜಿಲ್ಲಾಧಿಕಾರಿಯವರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಸಂಭಾವನೆಯ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಸೆಟ್ಟಿನಲ್ಲಿರಬೇಕು. 5 ಗಂಟೆ ಎಂದರೆ ನಿಜಕ್ಕೂ 5 ಗಂಟೆ. ಮಗುವಿನ ಸೀನುಗಳನ್ನು ಬೆಳಗಿನ ಕಾಲ್‌ಶೀಟ್‌ಗೆ ಹಾಕಿ, ಮಗುವಿನ ಕ್ಲೋಸಪ್‌ಗಳನ್ನು ಮೊದಲು ತೆಗೆದುಬಿಡಿ. ಎದುರಿನ ದೊಡ್ಡವರ ಕ್ಲೋಸಪ್‌ಗೆ ಮಗು ಇಲ್ಲದಿದ್ದರೂ ನಡೆಯುತ್ತದೆ.

ತಂಬಾಕಿನದು ಇನ್ನೂ ಸೂಕ್ಷ್ಮ. ಚಿತ್ರದಲ್ಲಿ ಒಂದೇ ಒಂದು ಶಾಟ್ ಸಿಗರೇಟು ಇದ್ದರೂ ಆರಂಭದಲ್ಲಿ ಮತ್ತು ಮಧ್ಯದಲ್ಲಿ, ಅಂದರೆ ಇಂಟರ್ವಲ್ ಆದ ಮೇಲೆ, ಕನಿಷ್ಠ 30 ಸೆಕೆಂಡಿನ ಆರೋಗ್ಯ ಜಾಗೃತಿ ಚಿತ್ರ, ಕನಿಷ್ಠ 20 ಸೆಕೆಂಡಿನ ದೃಶ್ಯ-ಧ್ವನಿ ಎಚ್ಚರಿಕೆ ಎರಡೂ ಇರಬೇಕು. ಸೇದುವ ದೃಶ್ಯ ತೆರೆಯ ಮೇಲಿರುವಷ್ಟು ಹೊತ್ತೂ ಕೆಳಗೆ ಬಿಳಿ ಪಟ್ಟಿಯಲ್ಲಿ ಕಪ್ಪು ಅಕ್ಷರದ ಎಚ್ಚರಿಕೆ, ಅದೂ ಚಿತ್ರದ ಭಾಷೆಯಲ್ಲೇ. ಜೊತೆಗೆ ಆ ದೃಶ್ಯ ಯಾಕೆ ಬೇಕೇ ಬೇಕು ಎಂದು ಸೆನ್ಸಾರ್ ಮಂಡಳಿಗೆ ವಿವರಣೆ. ಬ್ರ್ಯಾಂಡ್ ಹೆಸರು ಕಾಣಬಾರದು, ಪ್ಯಾಕೆಟ್ಟಿನ ಕ್ಲೋಸಪ್ ಇರಬಾರದು. ಪೋಸ್ಟರಿನಲ್ಲಿ ಹೀರೊ ಬಾಯಲ್ಲಿ ಸಿಗರೇಟು ಇರಬಾರದು.

ತಂಬಾಕು ಎಂದರೆ ಬರೀ ಸಿಗರೇಟು ಎಂದುಕೊಳ್ಳಬೇಡಿ. ಹಳ್ಳಿಯ ಕಟ್ಟೆಯಲ್ಲಿ ಕೂತ ಮುದುಕ ಎಲೆಅಡಿಕೆಗೆ ಕಡ್ಡಿಪುಡಿ ಉಜ್ಜಿ ಬಾಯಿಗೆ ಹಾಕಿಕೊಂಡರೆ ಅದೂ ತಂಬಾಕೇ. ಬೀದಿಯಲ್ಲಿ ನಡೆದಾಡುವ ಸೀನಿನ ಹಿಂದೆ ಪೆಟ್ಟಿಗೆ ಅಂಗಡಿ ಇದ್ದು, ಅದರ ಮುಂದೆ ಗುಟ್ಕಾ ಪೊಟ್ಟಣಗಳ ಸರ ತೂಗುತ್ತಿದ್ದರೆ ಅದು ಬ್ರ್ಯಾಂಡ್ ಪ್ರದರ್ಶನ. ಫೋಕಸ್ ಇಲ್ಲದಿದ್ದರೂ ಬಣ್ಣದಿಂದಲೇ ಗುರುತು ಸಿಗುತ್ತದೆ. ಶೂಟಿಂಗ್ ದಿನ ಆ ಸರ ಬಿಚ್ಚಿ ಒಳಗಿಡಲು ಅಂಗಡಿಯವರಿಗೆ ಹೇಳಿದರೆ ಐದು ನಿಮಿಷದ ಕೆಲಸ. ಡಿಐ, ಅಂದರೆ ಬಣ್ಣ ಹೊಂದಿಸುವ ಕೆಲಸ, ಆದ ಮೇಲೆ ಚಲಿಸುವ ಕ್ಯಾಮೆರಾದ ಶಾಟ್‌ನಲ್ಲಿ ಅದನ್ನು ಬ್ಲರ್ ಮಾಡಲು ಫ್ರೇಮ್ ಫ್ರೇಮ್ ಹಿಡಿದು ಟ್ರ್ಯಾಕ್ ಮಾಡಬೇಕು, ಅದಕ್ಕೆ ಬೇರೆ ದುಡ್ಡು, ಆಮೇಲೆ ಆ ರೀಲಿನ ರೆಂಡರ್ ಮತ್ತೆ.

ಹಾಡಿನ ತುಣುಕು

ರೇಡಿಯೊದಲ್ಲಿ ಹಳೆಯ ಹಾಡು ಬರುತ್ತಿದೆ, ನಾಯಕಿ ಅದರ ಜೊತೆ ಒಂದು ಸಾಲು ಗುನುಗುತ್ತಾಳೆ. ಸೀರಿಯಲ್‌ನಲ್ಲಿ ದಿನಾ ಮಾಡುವ ಕೆಲಸ. ಸಿನಿಮಾದಲ್ಲಿ ರೇಡಿಯೊದಿಂದ ಬರುವ ಧ್ವನಿಗೆ ಆಡಿಯೊ ಕಂಪನಿಯ ಅನುಮತಿ ಬೇಕು, ಗುನುಗುವ ಸಾಲಿಗೆ ಸಾಹಿತ್ಯ ಮತ್ತು ರಾಗದ ಹಕ್ಕು ಯಾರ ಬಳಿಯಿದೆಯೋ ಅವರ ಅನುಮತಿ ಬೇಕು. ಎಷ್ಟು ಸೆಕೆಂಡಿನ ಒಳಗಿದ್ದರೆ ಪರವಾಗಿಲ್ಲ ಎಂದು ಸೆಟ್ಟಿನಲ್ಲಿ ಓಡಾಡುವ ಲೆಕ್ಕಗಳಿಗೆ ಕಾನೂನಿನ ಆಧಾರವಿಲ್ಲ. ಅನುಮತಿ ಸಿಗದಿದ್ದರೆ ಎಡಿಟಿಂಗ್‌ನಲ್ಲಿ ಬಿಡಿಸಿಕೊಳ್ಳಲು ಬರುವಂತೆ ಶೂಟ್ ಮಾಡಿ: ಒಂದು ಟೇಕ್ ಗುನುಗುವುದು, ಒಂದು ಟೇಕ್ ಸುಮ್ಮನೆ ಕೇಳುವುದು. ಎರಡನೆಯದಕ್ಕೆ ನಿಮ್ಮ ಸಂಗೀತ ನಿರ್ದೇಶಕರ ಕೈಯಲ್ಲಿ ಹಳೆಯ ಶೈಲಿಯ ಒಂದು ತುಣುಕು ಮಾಡಿಸಿ ಕೂರಿಸಬಹುದು. ಗೀತ ಸಾಹಿತಿ, ಸಂಗೀತ ನಿರ್ದೇಶಕರ ರಾಯಲ್ಟಿ ಹಕ್ಕನ್ನು 2012ರ ಕಾಪಿರೈಟ್ ತಿದ್ದುಪಡಿ ಕಾಪಾಡುತ್ತದೆ, ಅದನ್ನು ಅಗ್ರಿಮೆಂಟಿನಲ್ಲಿ ಬರೆಸಿ ತೆಗೆದುಹಾಕಲು ಬರುವುದಿಲ್ಲ.

25 ಮತ್ತು 24

ಟಿವಿ ಕ್ಯಾಮೆರಾ ತಂಡವನ್ನೇ ಸಿನಿಮಾಕ್ಕೂ ಕರೆತರುವವರು ಮೊದಲ ದಿನ ಎರಡು ಸಲ ನೋಡಬೇಕಾದದ್ದು ಫ್ರೇಮ್ ರೇಟ್. ಟಿವಿಗೆ ಸೆಕೆಂಡಿಗೆ 25 ಫ್ರೇಮ್, ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿಗೆ, ಅಂದರೆ ಡಿಸಿಪಿಗೆ, 24. ಕೈ ರೂಢಿಯಲ್ಲಿ 25ರಲ್ಲೇ ತೆಗೆದು ಆಮೇಲೆ 24ಕ್ಕೆ ನಿಧಾನಿಸಿದರೆ 120 ನಿಮಿಷದ ಚಿತ್ರ 125 ನಿಮಿಷವಾಗುತ್ತದೆ. ಧ್ವನಿಯೂ ಅಷ್ಟೇ ಪ್ರಮಾಣದಲ್ಲಿ ಇಳಿದು ಎಲ್ಲರ ಗಂಟಲೂ ಸ್ವಲ್ಪ ಕಟ್ಟಿದಂತೆ ಕೇಳುತ್ತದೆ, ಅದನ್ನು ಸರಿಪಡಿಸಲು ಬೇರೆ ಪ್ರಕ್ರಿಯೆ. ಎರಡನೇ ಯೂನಿಟ್, ಡ್ರೋನ್, ಬಾಡಿಗೆ ಕ್ಯಾಮೆರಾ ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಫುಟೇಜ್‌ನಲ್ಲಿ ಎರಡೂ ಬೆರೆತರೆ ಪ್ಯಾನ್ ಶಾಟ್‌ಗಳಲ್ಲಿ ಸಣ್ಣ ಜರ್ಕ್ ಕಾಣುತ್ತದೆ. ಮಾನಿಟರ್‌ನಲ್ಲಿ ಯಾರಿಗೂ ಕಾಣದ್ದು 40 ಅಡಿಯ ತೆರೆಯ ಮೇಲೆ ಕಣ್ಣಿಗೆ ಚುಚ್ಚುತ್ತದೆ.

ಚೌಕಟ್ಟಿನ ಅಳತೆಯೂ ಬೇರೆ. ಟಿವಿಯದು 1920×1080. 2ಕೆ ಡಿಸಿಪಿಯಲ್ಲಿ ಫ್ಲ್ಯಾಟ್ ಆದರೆ 1998×1080, ಹೆಚ್ಚು ಅಗಲವಾಗಿ ಕಾಣುವ ಸ್ಕೋಪ್ ಆದರೆ 2048×858. ಯಾವುದು ಎಂದು ಶೂಟಿಂಗ್‌ಗೆ ಮೊದಲೇ ತೀರ್ಮಾನಿಸಿ ಮಾನಿಟರ್ ಮೇಲೆ ಗೆರೆ ಹಾಕಿಸಿ. ಡಿಐನಲ್ಲಿ ಸ್ಕೋಪ್ ಮಾಡೋಣ ಎಂದು ಬಿಟ್ಟರೆ ತಲೆ ಕತ್ತರಿಸಿಕೊಂಡ ಕ್ಲೋಸಪ್‌ಗಳೇ ಉಳಿಯುತ್ತವೆ.

ಮಿಕ್ಸಿಂಗ್‌ನಲ್ಲಿ ಒಂದು ವಿಷಯ ಹಟ ಹಿಡಿದು ಮಾಡಿಸಿ. 5.1 (ಸರೌಂಡ್) ಮಿಕ್ಸ್ ಮುಗಿದಾಗ ಡೈಲಾಗ್, ಮ್ಯೂಸಿಕ್, ಎಫೆಕ್ಟ್ಸ್ ಮೂರನ್ನೂ ಬೇರೆ ಬೇರೆ ಸ್ಟೆಮ್, ಅಂದರೆ ಪ್ರತ್ಯೇಕ ಧ್ವನಿ ಫೈಲ್, ಆಗಿ ತೆಗೆದಿಟ್ಟುಕೊಳ್ಳಬೇಕು. ಸ್ಟುಡಿಯೊ ಬುಕಿಂಗ್ ಮುಗಿಯುತ್ತಿದೆ, ಫೈನಲ್ ಮಾತ್ರ ಕೊಡುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ಇದು ಯಾಕೆ ಬೇಕು ಎಂಬುದು ಸೆನ್ಸಾರ್ ಕಟ್ಸ್ ಪಟ್ಟಿ ಬಂದ ದಿನ ಗೊತ್ತಾಗುತ್ತದೆ.

ಅರ್ಜಿ, ಆಮೇಲೆ ಕಾಯುವುದು

ಸೆನ್ಸಾರ್ ಮಂಡಳಿಯ ಕೇಂದ್ರ ಕಚೇರಿ ಮುಂಬೈನಲ್ಲಿ, ಪ್ರಾದೇಶಿಕ ಕಚೇರಿಗಳು ಒಂಬತ್ತು. ನಮ್ಮದು ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಅರ್ಜಿ ಈಗ ಇ-ಸಿನೆಪ್ರಮಾಣ್ ಪೋರ್ಟಲ್ ಮೂಲಕ. ಅರ್ಜಿದಾರರು ನಿರ್ಮಾಪಕರೇ. ಕಾನೂನಿನ ಕಣ್ಣಲ್ಲಿ ನಿರ್ದೇಶಕನಿಗೆ ಇಲ್ಲಿ ಸ್ಥಾನವಿಲ್ಲ. ಹಾಗಾಗಿ ಲಾಗಿನ್‌ಗೆ ಕೊಡುವ ಮೊಬೈಲ್, ಇಮೇಲ್ ಯಾರದು ಎಂಬುದನ್ನು ನಿರ್ಮಾಪಕರ ಜೊತೆ ಕೂತು ತೀರ್ಮಾನಿಸಿ. ಕೊರತೆ ಇದ್ದರೆ ಬರುವ ಸೂಚನೆ ಯಾರೂ ತೆರೆಯದ ಇಮೇಲ್‌ಗೆ ಹೋಗಿ ಕೂತಿರುತ್ತದೆ. ಅತ್ತ ಎಲ್ಲರೂ ‘ಇನ್ನೂ ಡೇಟ್ ಕೊಟ್ಟಿಲ್ಲ’ ಎಂದು ಕಚೇರಿಯನ್ನು ಬೈಯುತ್ತಿರುತ್ತಾರೆ.

ಕೊಡಬೇಕಾದದ್ದು: ಕಥಾಸಾರ, ಪೂರ್ಣ ಸಂಭಾಷಣೆ, ಹಾಡುಗಳ ಸಾಹಿತ್ಯ, ಕಲಾವಿದರ-ತಂತ್ರಜ್ಞರ ಪಟ್ಟಿ, ಚೇಂಬರ್ ಪತ್ರ, ಪ್ರಾಣಿ ಮಂಡಳಿ ಪತ್ರ ಅಥವಾ ಪ್ರಾಣಿ ಬಳಸಿಲ್ಲ ಎಂಬ ಘೋಷಣೆ, ಶುಲ್ಕ, ಚಿತ್ರದ ಅವಧಿ. ಸಂಭಾಷಣೆ ಎಂದರೆ ಶೂಟಿಂಗ್ ಸ್ಕ್ರಿಪ್ಟ್ ಅಲ್ಲವೇ ಅಲ್ಲ. ಡಬ್ಬಿಂಗ್‌ನಲ್ಲಿ ಬದಲಾದದ್ದು, ಸೆಟ್ಟಿನಲ್ಲಿ ನಟರು ಸೇರಿಸಿದ್ದು, ಗುಂಪಿನಲ್ಲಿ ಯಾರೋ ಕೂಗಿದ್ದು ಎಲ್ಲವೂ ತೆರೆಯ ಮೇಲೆ ಕೇಳುವ ಹಾಗೆಯೇ ಇರಬೇಕು. ಫೈನಲ್ ಮಿಕ್ಸ್ ಹಾಕಿಕೊಂಡು ಒಬ್ಬರು ಕೂತು ಹೊಸದಾಗಿ ಟೈಪ್ ಮಾಡುವುದೇ ಸರಿ. ಅವಧಿಯನ್ನು ಡಿಸಿಪಿ ಮಾಡಿದ ಲ್ಯಾಬ್‌ನವರಿಂದ ನಿಮಿಷ-ಸೆಕೆಂಡ್ ಸಮೇತ ಬರೆಸಿಕೊಳ್ಳಿ, ಎಡಿಟ್ ಟೈಮ್‌ಲೈನ್ ನೋಡಿ ಬರೆಯಬೇಡಿ. ಟೈಟಲ್‌ಗಳು ಚಿತ್ರದ ಭಾಷೆಯಲ್ಲಿರಬೇಕು. ತಂತ್ರಜ್ಞರ ಹೆಸರನ್ನು ಇಂಗ್ಲಿಷಿನಲ್ಲಷ್ಟೇ ಹಾಕಿ ಸ್ಟೈಲಾಗಿ ಕಾಣಲಿ ಎನ್ನುವವರು ಇದನ್ನು ಗಮನಿಸಿ.

ರಾಷ್ಟ್ರ ಪ್ರಶಸ್ತಿಗೋ ಗೋವಾದ ಚಿತ್ರೋತ್ಸವಕ್ಕೋ ಕಳಿಸುವ ಯೋಚನೆ ಇದ್ದರೆ ಶ್ರವಣದೋಷ, ದೃಷ್ಟಿದೋಷ ಇರುವವರಿಗಾಗಿ ಕ್ಲೋಸ್ಡ್ ಕ್ಯಾಪ್ಷನ್ ಮತ್ತು ಆಡಿಯೊ ವಿವರಣೆ 2025ರಿಂದ ಕಡ್ಡಾಯ. ಆಡಿಯೊ ವಿವರಣೆಯ ಬರಹ, ಧ್ವನಿ, ಮಿಕ್ಸ್ ಎಲ್ಲ ಸೇರಿ ಅದೇ ಒಂದು ಸಣ್ಣ ಪ್ರಾಜೆಕ್ಟು. ಕೊನೆ ವಾರಕ್ಕೆ ಬಿಡಬೇಡಿ.

ಡಿಸೆಂಬರ್ ಬಂದರೆ ಈ ಕಚೇರಿಯಲ್ಲಿ ನೂಕುನುಗ್ಗಲು. ರಾಷ್ಟ್ರ ಪ್ರಶಸ್ತಿಗೂ ರಾಜ್ಯದ ಸಬ್ಸಿಡಿಗೂ ಸೆನ್ಸಾರ್ ಪತ್ರದ ದಿನಾಂಕವೇ ವರ್ಷವನ್ನು ನಿರ್ಧರಿಸುತ್ತದೆ. 31ರೊಳಗೆ ಪತ್ರ ಸಿಗಲಿ ಎಂದು ಎಲ್ಲರೂ ಒಟ್ಟಿಗೆ ಬರುತ್ತಾರೆ. 2024ರ ಹೊಸ ನಿಯಮಗಳಲ್ಲಿ ಹೆಚ್ಚಿನ ಶುಲ್ಕ ಕೊಟ್ಟು ಆದ್ಯತೆಯ ಮೇಲೆ ನೋಡಿಸಿಕೊಳ್ಳುವ ಅವಕಾಶವಿದೆ. ಆದರೆ ಕಾಗದದಲ್ಲಿ ಕೊರತೆ ಇದ್ದರೆ ಆ ದುಡ್ಡೂ ಕಾಪಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಲು ಆಗದಿದ್ದರೆ ಜನವರಿಗೆ ಹೋಗುವುದು ವಾಸಿ. ಇಡೀ ವರ್ಷ ಕೈಯಲ್ಲಿರುತ್ತದೆ.

ದಿನಾಂಕ ಸಿಕ್ಕಿದ ಮೇಲೆ ಪ್ರಿವ್ಯೂ ಥಿಯೇಟರ್ ಬಾಡಿಗೆ ನಿಮ್ಮದು. ಹಿಂದಿನ ದಿನವೇ ಡಿಸಿಪಿ ಕೊಟ್ಟು ಮೊದಲ ರೀಲು, ಇಂಟರ್ವಲ್ ಆದ ಮೇಲಿನ ಹತ್ತು ನಿಮಿಷ, ಕೊನೆಯ ಟೈಟಲ್ ಮೂರು ಕಡೆ ಓಡಿಸಿ ನೋಡಿ. ಚಿತ್ರ ಮಧ್ಯದಲ್ಲಿ ನಿಂತರೆ ಸಮಿತಿ ಎದ್ದು ಹೋಗಬಹುದು, ಮತ್ತೆ ಹೊಸ ದಿನಾಂಕ. ಪೂರ್ಣಾವಧಿ ಚಿತ್ರವನ್ನು ಪರಿಶೀಲನಾ ಅಧಿಕಾರಿ ಮತ್ತು ಸಲಹಾ ಮಂಡಳಿಯ ಸದಸ್ಯರು ನೋಡುತ್ತಾರೆ, ಸಮಿತಿಯಲ್ಲಿ ಮಹಿಳೆಯರು ಇರಲೇಬೇಕು. ಒಳಗೆ ಬೇರೆ ಯಾರಿಗೂ ಪ್ರವೇಶವಿಲ್ಲ. ನಿರ್ದೇಶಕ, ನಿರ್ಮಾಪಕ, ಎಡಿಟರ್ ಎಲ್ಲರೂ ಬಾಗಿಲಾಚೆ.

ಆ ಎರಡು-ಎರಡೂವರೆ ಗಂಟೆ ಟಿವಿಯಿಂದ ಬಂದವರಿಗೆ ತುಂಬ ವಿಚಿತ್ರ. ಸಾವಿರ ಸಂಚಿಕೆ ಮಾಡಿದವರಿಗೂ ತಮ್ಮ ಕೆಲಸವನ್ನು ಅಪರಿಚಿತರು ಒಟ್ಟಿಗೆ ಕೂತು ನೋಡುವಾಗ ಹೊರಗೆ ನಿಂತ ಅಭ್ಯಾಸ ಇರುವುದಿಲ್ಲ. ಗೋಡೆಯಾಚೆಯಿಂದ ಸೌಂಡಿನ ಬಾಸ್ ಮಾತ್ರ ಕೇಳುತ್ತದೆ. ಅದರ ಮೇಲೇ ಯಾವ ಸೀನ್ ಓಡುತ್ತಿದೆ ಎಂದು ಗೊತ್ತಾಗುತ್ತದೆ. ನಗು ಬರಬೇಕಾದ ಕಡೆ ನಗು ಕೇಳಲಿಲ್ಲ ಎಂದು ಎದೆಗುಂದಬೇಡಿ, ಕೈಯಲ್ಲಿ ಪೆನ್ನು ಹಿಡಿದು ನೋಡುವವರು ಜೋರಾಗಿ ನಗುವುದು ಅಪರೂಪ. ಹೊರಗೆ ಬಂದವರ ಮುಖ ಓದಲು ಹೋಗಬೇಡಿ, ಅಭಿಪ್ರಾಯ ಕೇಳುವುದಂತೂ ಬೇಡವೇ ಬೇಡ. ಮಾತಾಡಲು ಒಳಗೆ ಕರೆದರೆ ಚಿತ್ರದ ಆಶಯದ ಮೇಲೆ ಭಾಷಣ ಮಾಡಬಾರದು. ಯಾವ ಶಾಟ್, ಯಾವ ಮಾತು, ಅದು ಕಥೆಗೆ ಯಾಕೆ ಬೇಕು, ಬದಲಿಗೆ ಏನು ಮಾಡಬಹುದು ಇಷ್ಟನ್ನೇ ಹೇಳಬೇಕು. ಇದಕ್ಕೆ ಎಡಿಟರ್ ಜೊತೆಗಿರುವುದು ಒಳ್ಳೆಯದು.

ಕಟ್ಸ್ ಪಟ್ಟಿ

ಪಟ್ಟಿಯಲ್ಲಿ ಹೆಚ್ಚಾಗಿ ಇರುವುದು ಮಾತು ಮ್ಯೂಟ್ ಮಾಡಿ ಅಥವಾ ಬದಲಿಸಿ, ರಕ್ತದ ಶಾಟ್ ಕಡಿಮೆ ಮಾಡಿ, ಎಚ್ಚರಿಕೆ ಸಾಲು ಸೇರಿಸಿ, ಜಾತಿಯನ್ನೋ ಸಮುದಾಯವನ್ನೋ ಸೂಚಿಸುವ ಪದ ತೆಗೆಯಿರಿ ಎಂಬಂಥವು. ಇಲ್ಲಿ ಸ್ಟೆಮ್ ಬೆಲೆ ತಿಳಿಯುತ್ತದೆ. ಡೈಲಾಗ್ ಸ್ಟೆಮ್ ಬೇರೆ ಇದ್ದರೆ ಆ ಒಂದು ಪದ ಇರುವ 10-12 ಫ್ರೇಮ್ ಮಾತ್ರ ಖಾಲಿ ಮಾಡಿದರೆ ಹಿನ್ನೆಲೆ ಸಂಗೀತ, ಮಳೆಯ ಸದ್ದು ಹಾಗೇ ಹರಿಯುತ್ತದೆ. ಇಲ್ಲದಿದ್ದರೆ ಎಲ್ಲವೂ ಒಮ್ಮೆಲೇ ಸತ್ತು ಹುಟ್ಟಿದಂತಾಗಿ, ಪ್ರೇಕ್ಷಕ ಆ ಪದವನ್ನು ತಾನೇ ತುಂಬಿಕೊಂಡು ನಗುತ್ತಾನೆ.

ಬದಲಿ ಪದ ಹಾಕುವುದಾದರೆ ತುಟಿ ನೋಡಿ ಹುಡುಕಬೇಕು. ಪ, ಬ, ಮ ಬಂದ ಕಡೆ ತುಟಿ ಮುಚ್ಚಿರುತ್ತದೆ, ಹೊಸ ಪದದಲ್ಲೂ ಅಲ್ಲೇ ಮುಚ್ಚಬೇಕು. ಉದಾಹರಣೆಗೆ ‘ಬೇವರ್ಸಿ’ ತೆಗೆಯಬೇಕಾದರೆ ‘ಬುದ್ಧಿಗೇಡಿ’ ಕೂರುತ್ತದೆ: ಮೊದಲು ತುಟಿ ಮುಚ್ಚಿ ತೆರೆಯುತ್ತದೆ, ಕೊನೆಗೆ ಇಕಾರದಲ್ಲಿ ಅಗಲವಾಗುತ್ತದೆ. ಮಿಡ್ ಶಾಟ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ. ತೀರಾ ಕ್ಲೋಸಪ್ ಆದರೆ ‘ಬು’ಗೆ ತುಟಿ ದುಂಡಗಾಗದಿರುವುದು ಕಾಣುತ್ತದೆ, ಆಗ ಆ ಅರ್ಧ ಸೆಕೆಂಡಿಗೆ ಎದುರಿನವರ ರಿಯಾಕ್ಷನ್ ಶಾಟ್ ಹಾಕಿ. ಡಬ್ಬಿಂಗ್ ಮುಗಿಸಿದ ದಿನವೇ ಅನುಮಾನ ಇರುವ ಮಾತುಗಳಿಗೆಲ್ಲ ಎರಡನೇ ಪಾಠ ಹೇಳಿಸಿಟ್ಟರೆ ಕಲಾವಿದರನ್ನು ಮತ್ತೆ ಕರೆಸುವ ಪಾಡಿಲ್ಲ. ಹಾಡಿನಲ್ಲಿ ಪದ ಬದಲಾದರೆ ಆಡಿಯೊ ಕಂಪನಿಗೂ ತಿಳಿಸಿ.

ಪಟ್ಟಿ ಒಪ್ಪಿದರೆ ಬದಲಾವಣೆ ಮಾಡಿ, ತೆಗೆದ ಭಾಗವನ್ನೂ ಸೇರಿಸಿದ ಭಾಗವನ್ನೂ ಒಪ್ಪಿಸಬೇಕು. ಒಪ್ಪದಿದ್ದರೆ ಪರಿಷ್ಕರಣಾ ಸಮಿತಿಗೆ ಹೋಗಬಹುದು. ಮೊದಲು ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಅದನ್ನು ರದ್ದು ಮಾಡಿದ್ದಾರೆ. ಈಗ ಉಳಿದಿರುವುದು ಹೈಕೋರ್ಟ್. ದೊಡ್ಡ ಬ್ಯಾನರ್‌ಗೆ ಅದು ದಾರಿ, ಬಡ್ಡಿ ಕಟ್ಟುತ್ತಿರುವ ಹೊಸ ನಿರ್ಮಾಪಕರಿಗೆ ಅದು ಗೋಡೆ. ಯಾವುದಕ್ಕೆ ಹೋರಾಡಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂದು ಅರ್ಜಿ ಹಾಕುವ ಮುಂಚೆಯೇ ನಿರ್ಮಾಪಕರ ಜೊತೆ ಮಾತಾಡಿಕೊಂಡಿರಿ.

ವರ್ಗದ ಬಗ್ಗೆ: ಯು, ಯುಎ, ಎ ಜೊತೆಗೆ 2023ರ ತಿದ್ದುಪಡಿಯಿಂದ ಯುಎ ಒಳಗೆ 7+, 13+, 16+ ಎಂಬ ಮೂರು ಮೆಟ್ಟಿಲು ಬಂದಿವೆ. ಟಿವಿಯಿಂದ ಬಂದವರು ನೆನಪಿಡಬೇಕಾದದ್ದು, ‘ಎ’ ಪತ್ರ ಸಿಕ್ಕ ಚಿತ್ರ ಹಾಗೆಯೇ ಚಾನೆಲ್‌ನಲ್ಲಿ ಬರುವಂತಿಲ್ಲ, ಅದಕ್ಕೆ ಬೇರೆ ಪ್ರಮಾಣಪತ್ರ ಮಾಡಿಸಬೇಕು. ಬಜೆಟ್ ಲೆಕ್ಕದಲ್ಲಿ ಸ್ಯಾಟಲೈಟ್ ಹಣ, ಅಂದರೆ ಟಿವಿ ಪ್ರಸಾರ ಹಕ್ಕಿನ ದುಡ್ಡು, ಹಿಡಿದಿದ್ದರೆ ಇದನ್ನು ಸ್ಕ್ರಿಪ್ಟ್ ಹಂತದಲ್ಲೇ ಯೋಚಿಸಿ. ಪತ್ರದ ಅವಧಿ ಮೊದಲು 10 ವರ್ಷ ಇತ್ತು, ಈಗ ಶಾಶ್ವತ.

ಪತ್ರ ಬಂದ ಮೇಲೆ

ಪ್ರಮಾಣಪತ್ರವನ್ನು ಚಿತ್ರದ ಮೊದಲಿಗೆ 10 ಸೆಕೆಂಡ್ ತೋರಿಸಬೇಕು, ಅಂದರೆ ಡಿಸಿಪಿ ಮತ್ತೆ ಮಾಡಬೇಕು. ಲ್ಯಾಬ್ ಜೊತೆ ದರ ಮಾತಾಡುವಾಗಲೇ ಸೆನ್ಸಾರ್‌ಗೆ ಒಂದು, ಬಿಡುಗಡೆಗೆ ಒಂದು ಎಂದು ಎರಡು ಡಿಸಿಪಿ ಸೇರಿಸಿ ಮಾತಾಡಿ. ಪೋಸ್ಟರ್, ಪತ್ರಿಕೆ ಜಾಹೀರಾತಿನಲ್ಲಿ ವರ್ಗ ಹಾಕಬೇಕು. ಯೂಟ್ಯೂಬ್‌ಗೆ ಹಾಕುವ ಟ್ರೇಲರ್‌ಗೆ ಸೆನ್ಸಾರ್ ಬೇಡ, ಥಿಯೇಟರ್‌ನಲ್ಲಿ ಓಡಿಸುವುದಕ್ಕೆ ಪ್ರತ್ಯೇಕ ಪತ್ರ ಬೇಕು.

ಥಿಯೇಟರ್‌ಗಳಿಗೆ ಡಿಜಿಟಲ್ ಪ್ರತಿ ತಲುಪಿಸುವ ಕ್ಯೂಬ್, ಯುಎಫ್‌ಒ ಕಂಪನಿಗಳ ಮೂಲಕ ಚಿತ್ರ ಕಳಿಸುವ ಖರ್ಚು ಪ್ರತಿ ತೆರೆಗೆ ಬೀಳುತ್ತದೆ. ಎಷ್ಟು ಥಿಯೇಟರ್ ಎಂದು ಹೆಮ್ಮೆಗೆ ಹೆಚ್ಚಿಸುವ ಮೊದಲು ಆ ಲೆಕ್ಕ ಮಾಡಿ. ಡಿಸಿಪಿ ಬೀಗ ಹಾಕಿರುತ್ತದೆ, ತೆರೆಯುವ ಕೀ ಅಂದರೆ ಕೆಡಿಎಂ ಆಯಾ ತೆರೆಯ ಸರ್ವರ್‌ಗೆ ಮಾತ್ರ, ನಿಗದಿತ ದಿನಾಂಕ-ಗಂಟೆಯ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಮಲ್ಟಿಪ್ಲೆಕ್ಸ್‌ನವರು ಕೊನೆ ಗಳಿಗೆಯಲ್ಲಿ ಮೂರನೇ ತೆರೆಯಿಂದ ಐದನೆಯದಕ್ಕೆ ಬದಲಿಸಿದರೆ ಹಳೆಯ ಕೀ ನಡೆಯುವುದಿಲ್ಲ. ಶುಕ್ರವಾರದ ಮೊದಲ ಆಟಕ್ಕೆ ಗುರುವಾರ ರಾತ್ರಿಯೇ ಪ್ರತಿ ಥಿಯೇಟರ್‌ನಲ್ಲಿ ಒಂದು ನಿಮಿಷ ಓಡಿಸಿ ನೋಡಿದೆವು ಎಂಬ ಮಾತು ಆಪರೇಟರ್ ಬಾಯಿಂದ ಕೇಳಿ, ಮ್ಯಾನೇಜರ್ ಬಾಯಿಂದ ಬೇಡ. ಧ್ವನಿಯ ಮಟ್ಟವನ್ನೂ ಆಗಲೇ ಕೇಳಿ. ಮಿಕ್ಸ್ ಮಾಡಿದ್ದು ಸೌಂಡ್ ಪ್ರೊಸೆಸರಿನ ವಾಲ್ಯೂಮ್ 7ರಲ್ಲಿ ಇಟ್ಟುಕೊಂಡು, ಥಿಯೇಟರ್‌ನಲ್ಲಿ ಓಡುವುದು 4ಕ್ಕೋ 5ಕ್ಕೋ. ಪಿಸುಮಾತಿನ ಸೀನುಗಳು ಅಲ್ಲೇ ಸಾಯುತ್ತವೆ.

ಮೊದಲ ದಿನದ ಪ್ರತಿಕ್ರಿಯೆ ನೋಡಿ ದ್ವಿತೀಯಾರ್ಧ ಹತ್ತು ನಿಮಿಷ ಟ್ರಿಮ್ ಮಾಡೋಣ ಎನ್ನುತ್ತಾರೆ. ಸೀರಿಯಲ್‌ನಲ್ಲಿ ಹಾಗೆ ಮಾಡಬಹುದು. ಇಲ್ಲಿ ಪತ್ರ ಸಿಕ್ಕ ಮೇಲೆ ಒಂದು ಶಾಟ್ ತೆಗೆದರೂ ಸೇರಿಸಿದರೂ ಮಂಡಳಿಗೆ ತಿಳಿಸಿ ಪತ್ರದ ಮೇಲೆ ನಮೂದು ಮಾಡಿಸಿಕೊಳ್ಳಬೇಕು, ಆಮೇಲೆ ಹೊಸ ಡಿಸಿಪಿ, ಹೊಸ ಕೀ. ಅಷ್ಟರಲ್ಲಿ ಎರಡನೇ ಶುಕ್ರವಾರ ಬಂದಿರುತ್ತದೆ. ಟ್ರಿಮ್ ಮಾಡುವ ಧೈರ್ಯ ಇದ್ದರೆ ಅರ್ಜಿಗೆ ಮುಂಚೆ, ಪರಿಚಯ ಇಲ್ಲದ ಇಪ್ಪತ್ತು ಜನರನ್ನು ಕೂರಿಸಿ ತೋರಿಸಿದ ಮರುದಿನ ಮಾಡಿ.

ಸ್ಯಾಟಲೈಟ್ ವ್ಯಾಪಾರ ಕುದುರಿದರೆ ಚಾನೆಲ್ ಕೇಳುವುದು 25 ಫ್ರೇಮಿನ ಪ್ರತಿ, ಸ್ಟೀರಿಯೊ ಮಿಕ್ಸ್, ಅಕ್ಷರಗಳಿಲ್ಲದ ಟೈಟಲ್ ಹಿನ್ನೆಲೆ, ಮ್ಯೂಸಿಕ್-ಎಫೆಕ್ಟ್ಸ್ ಬೇರೆ, ಸೆನ್ಸಾರ್ ಪತ್ರ, ಹಾಡುಗಳ ಹಕ್ಕಿನ ಪತ್ರ, ಪ್ರಾಣಿ ಮಂಡಳಿ ಪತ್ರ. ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದು ನಿರ್ಮಾಪಕರಲ್ಲಿ, ಒಂದು ನಿಮ್ಮಲ್ಲಿ ಇರಲಿ. ಲ್ಯಾಬ್‌ನಲ್ಲಿ ಬಾಕಿ ಉಳಿಸಿಕೊಂಡಿದ್ದರೆ ಡಿಸ್ಕ್ ಹೊರಗೆ ಬರುವುದಿಲ್ಲ, ಆದ್ದರಿಂದ ಬಿಡುಗಡೆಯ ಗಲಾಟೆಗೆ ಮೊದಲೇ ಲ್ಯಾಬ್ ಲೆಕ್ಕ ಚುಕ್ತಾ ಮಾಡಿಸಿ ರಸೀದಿ ತೆಗೆದುಕೊಳ್ಳಿ.